ನಾಲ್ಕು ತೊಟ್ಟು ಹರಳೆಣ್ಣೆ, ಒಂದು ಪದರ ಲಿಥಿಯಂ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಕಳೆದ ವಾರ ಒಂದು ಆಲೆಮನೆ ಹೊಕ್ಕೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೊತಕೊತ ಕುದಿದು ನೊರೆ ಅಂಚಿಗೆ ಬಂದಿತ್ತು. ಇನ್ನೇನು ಉಕ್ಕಿತು ಅನ್ನುವಾಗ ಅಲ್ಲಿದ್ದ ಹಿರಿಯರು ನಾಲ್ಕು ತೊಟ್ಟು ಹರಳೆಣ್ಣೆ ಬಿಟ್ಟರು. ಅಷ್ಟಗಲದ ನೊರೆ ಸುಯ್ಯೆಂದು ಕೂತಿತು. ಆ ಹಬೆಯಲ್ಲಿ ನಿಂತ ನನಗೆ ನೆನಪಾದದ್ದು ಅಮೆರಿಕದ ಪ್ರಿನ್ಸ್‌ಟನ್‌ನ ಬೈಜಿಕ ಸಮ್ಮಿಲನ ಯಂತ್ರ, ಎನ್‌ಎಸ್‌ಟಿಎಕ್ಸ್.

ವಿಪರೀತ ಕಾದ ಅಯಾನಿಕ ಅನಿಲವನ್ನು, ಅಂದರೆ ಪ್ಲಾಸ್ಮಾವನ್ನು, ಕಾಂತಬಲದಿಂದ ಹಿಡಿದಿಡುವ ಯಂತ್ರವೇ ಟೋಕಮಾಕ್. ಮಾಮೂಲಿ ಟೋಕಮಾಕ್‌ನ ಪ್ಲಾಸ್ಮಾ ಉದ್ದಿನ ವಡೆಯಂತಿರುತ್ತದೆ. 1999ರಲ್ಲಿ ಶುರುವಾದ ಈ ಯಂತ್ರದ್ದು ಬೆರಳು ತೂರಿಸಿದ ರಾಗಿ ಮುದ್ದೆ: ಮೈ ದುಂಡಗೆ, ತೂತು ಸಣ್ಣದು. ಕಡಿಮೆ ಕಾಂತಬಲದಲ್ಲೇ ಹೆಚ್ಚು ಒತ್ತಡ ತಡೆದುಕೊಳ್ಳುವುದು ಈ ಆಕಾರದ ಗುಣ. 1982ರಲ್ಲಿ ಜರ್ಮನಿಯ ಟೋಕಮಾಕ್ ಆಸ್ಡೆಕ್ಸ್‌ನಲ್ಲಿ ಭೌತವಿಜ್ಞಾನಿ ಫ್ರಿಟ್ಸ್ ವಾಗ್ನರ್ ಕಂಡ ‘ಎಚ್-ಮೋಡ್’ ಸ್ಥಿತಿ ಇಲ್ಲೂ ಬಂತು. ಕಾವು ಒಂದು ಮಟ್ಟ ದಾಟಿದೊಡನೆ ಅಂಚಿನ ಅಲ್ಲೋಲಕಲ್ಲೋಲ ತಟ್ಟನೆ ಅಡಗಿ, ಶಾಖ ಸೋರದಂತೆ ತೆಳುವಾದ ಕಟ್ಟೆ ಏಳುತ್ತದೆ. ಶಾಖ ನಿಲ್ಲುವ ಹೊತ್ತು ಸುಮಾರು ಇಮ್ಮಡಿ. ಆದರೆ ಕಟ್ಟೆಯಲ್ಲಿ ಒತ್ತಡ ಏರಿ ಪ್ಲಾಸ್ಮಾ ಆಗಾಗ ಉಕ್ಕುತ್ತದೆ. ಒಂದೊಂದು ಉಕ್ಕೂ ಗೋಡೆಗೆ ಪೆಟ್ಟು.

ಪ್ರಿನ್ಸ್‌ಟನ್‌ನವರು ಗೋಡೆಯ ಗ್ರಾಫೈಟ್ ಬಿಲ್ಲೆಗಳ ಮೇಲೆ ಲಿಥಿಯಂ ಆವಿ ಕೂರಿಸಿದರು. ಗೋಡೆಗೆ ಬಡಿದ ಇಂಧನ, ಅಂದರೆ ಡ್ಯುಟೀರಿಯಂ, ಪ್ಲಾಸ್ಮಾಕ್ಕೆ ಮರಳದೆ ಅಲ್ಲೇ ಅಂಟಿಕೊಂಡಿತು. ಅಂಚಿನ ಸಾಂದ್ರತೆ ಇಳಿಯಿತು, ಒತ್ತಡದ ಕಡಿದಾದ ಏರು ಒಳಕ್ಕೆ ಸರಿಯಿತು, ಉಕ್ಕು ನಿಂತಿತು. ಹರಳೆಣ್ಣೆಯ ಕೆಲಸ!

ಲಿಥಿಯಂ ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲ, ಅಲ್ಲಾಪಟ್ಟಣದ ಕಲ್ಲಿನಲ್ಲೂ ಇದೆ. 2020ರಲ್ಲಿ ಪತ್ರಿಕೆಗಳಲ್ಲಿ 14,100 ಟನ್ ಎಂದು ಬಂತು. ಮರುವರ್ಷ ಪರಮಾಣು ಖನಿಜ ನಿರ್ದೇಶನಾಲಯದ ಲೆಕ್ಕ 1,600 ಟನ್ ಎಂದಿತು. ಬ್ಯಾಟರಿ ಕಾರ್ಖಾನೆಯ ಕನಸು ಕಂಡವರು ಪೆಚ್ಚಾದರು. ನನಗೆ ಆ ಕಲ್ಲಿನ ಮೇಲಿನ ಅಕ್ಕರೆ ಕಡಿಮೆಯಾಗಿಲ್ಲ. ಸಮ್ಮಿಲನಕ್ಕೆ ಬೇಕಾದ ಟ್ರಿಟಿಯಂ ಹುಟ್ಟಿಸಬೇಕಾದರೂ ನ್ಯೂಟ್ರಾನ್ ಬಡಿಯಬೇಕಾದದ್ದು ಲಿಥಿಯಂಗೇ.

“ಎಣ್ಣೆ ಬಿಟ್ಟರೆ ಸಾಕಲ್ಲ, ಯಜಮಾನ್ರೇ?” ಎಂದು ಆಲೆಮನೆಯ ಹಿರಿಯರನ್ನು ಕೇಳಿದೆ.

“ಎಲ್ಲಿ ಸಾಕಾಯ್ತದೆ? ಮೊದ್ಲು ಮಡ್ಡಿ ಎತ್ತಬೇಕು ಕಣಪ್ಪ. ಇಲ್ದಿದ್ರೆ ಬೆಲ್ಲ ಕಪ್ಪಾಯ್ತದೆ.”

ನಾನು ಬೆರಗಾದೆ. ಎನ್‌ಎಸ್‌ಟಿಎಕ್ಸ್‌ನಲ್ಲೂ ಆದದ್ದು ಅದೇ. ಪ್ರತಿ ಉಕ್ಕಿನ ಜೊತೆ ಕಲ್ಮಶವೂ ಹೊರಬೀಳುತ್ತಿತ್ತು. ಉಕ್ಕು ನಿಂತಮೇಲೆ ಇಂಗಾಲದಂಥ ಕಸವೆಲ್ಲ ಒಳಗೇ ಸೇರಿ, ಕೂಡಿಟ್ಟ ಶಾಖ ವಿಕಿರಣವಾಗಿ ಸೋರತೊಡಗಿತು. ಕಾವನ್ನು ಹಿಡಿಯಬೇಕು, ಕಸವನ್ನು ಬಿಡಬೇಕು. ಕಷ್ಟವಿರುವುದು ಈ ಎರಡನ್ನೂ ಒಟ್ಟಿಗೆ ಸಾಧಿಸುವುದರಲ್ಲಿ.

ಹಿರಿಯರು ಅಚ್ಚಿನಿಂದ ಬಿಡಿಸಿದ ಬಿಸಿ ಬೆಲ್ಲದ ತುಂಡನ್ನು ಕೈಗಿಟ್ಟರು. ಬೆಳಕಿಗೆ ಹಿಡಿದು ನೋಡಿದೆ. ಅಪ್ಪಟ ಹೊಂಬಣ್ಣ. ಒಲೆಯ ಪಕ್ಕದ ಡಬ್ಬದಲ್ಲಿ ಎತ್ತಿ ಹಾಕಿದ ಮಡ್ಡಿ ಕರ್ರಗೆ ತುಂಬಿತ್ತು.