ನಿಜಾಮರ ಫೋಟೊಗ್ರಾಫರ್ ದೀನ್ ದಯಾಳ್

ಬೇಟೆಯಾಡಿದ ಹುಲಿಯನ್ನು ಕಾಲಬುಡದಲ್ಲಿ ಕೆಡವಿಕೊಂಡು ವೈಸರಾಯ್ ಕರ್ಜನ್ ದಂಪತಿ ನಿಂತಿರುವ ಚಿತ್ರವನ್ನು ಇತಿಹಾಸದ ಪುಸ್ತಕಗಳಲ್ಲಿ ಅನೇಕರು ನೋಡಿರುತ್ತಾರೆ. 1902ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಅದನ್ನು ತೆಗೆದದ್ದು ಮೀರತ್ ಬಳಿಯ ಸರ್ಧಾನಾದಲ್ಲಿ, ಜೈನ ಮನೆತನವೊಂದರಲ್ಲಿ ಹುಟ್ಟಿದ ರಾಜಾ ದೀನ್ ದಯಾಳ್ ಅವರ ಸ್ಟುಡಿಯೊ.

1844ರಲ್ಲಿ ಜನಿಸಿದ ದೀನ್ ದಯಾಳ್ ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ಅಂದಾಜುಪಟ್ಟಿ ಹಾಕುವ, ನಕ್ಷೆ ಬರೆಯುವ ಕೆಲಸದಲ್ಲಿದ್ದವರು. ಕ್ಯಾಮೆರಾ ಹಿಡಿದದ್ದು 1874ರ ಸುಮಾರಿಗೆ. 1882ರಲ್ಲಿ ಬ್ರಿಟಿಷ್ ಅಧಿಕಾರಿ ಲೆಪೆಲ್ ಗ್ರಿಫಿನ್ ಜೊತೆ ಬುಂದೇಲಖಂಡ ಸುತ್ತಿ ಅಲ್ಲಿನ ಸ್ಮಾರಕಗಳ ಚಿತ್ರ ತೆಗೆದರು. ನಕ್ಷೆ ಬರೆದ ಕೈ ಎಂಬುದು ಆ ಚಿತ್ರಗಳಲ್ಲಿ ಗೊತ್ತಾಗಿಬಿಡುತ್ತದೆ: ಕಂಬ ಓರೆಯಾಗುವುದಿಲ್ಲ, ಕಮಾನು ಮುಗ್ಗರಿಸುವುದಿಲ್ಲ. ಆಮೇಲೆ ಸಿಕಂದರಾಬಾದ್, ಮುಂಬೈಗಳಲ್ಲಿ ಸ್ಟುಡಿಯೊ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ. ಬೀದರ್, ಕಲಬುರಗಿ, ರಾಯಚೂರುಗಳೂ ಆಗ ಅದೇ ದೊರೆಯ ಆಳ್ವಿಕೆಯಲ್ಲಿದ್ದವು.

ಆ ಕಾಲದಲ್ಲಿ ಫೋಟೊ ತೆಗೆಯುವುದೆಂದರೆ ಮೈಮುರಿಯುವ ದುಡಿಮೆ. ಹಿಗ್ಗಿಸುವ ಅನುಕೂಲ ಅಪರೂಪವಾಗಿದ್ದರಿಂದ ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟೇ ದೊಡ್ಡ ಗಾಜಿನ ಪ್ಲೇಟು ಹೊತ್ತೊಯ್ಯಬೇಕು. ಪ್ರಿಂಟಿನ ಕಾಗದಕ್ಕೆ ಮೊಟ್ಟೆಯ ಬಿಳಿಲೋಳೆ ಬಳಿದು, ಬೆಳ್ಳಿಯ ಲವಣದಲ್ಲಿ ಅದ್ದಿ, ಗಾಜಿಗೆ ಒತ್ತಿ ಬಿಸಿಲಿಗಿಡಬೇಕು. ಆ ಕಂದುಬಣ್ಣದ ಹೊಳಪಿಗೆ ಚಿನ್ನದ ಲವಣದ ದ್ರಾವಣವೂ ಬೇಕಿತ್ತು. ಗಾಜಿನ ಮೇಲಿನ ಲೇಪ ನೀಲಿಗೆ ಬೇಗ ಸ್ಪಂದಿಸುತ್ತಿತ್ತು, ಕೆಂಪನ್ನು ಕಾಣುತ್ತಲೇ ಇರಲಿಲ್ಲ. ಆಕಾಶ ಸುಣ್ಣ ಬಳಿದಂತೆ ಬೆಳ್ಳಗೆ, ಕೆಂಪು ರುಮಾಲು ಕಪ್ಪಗೆ. ಇವನ್ನು ನೋಡಿ ದರ್ಬಾರುಗಳು ಮಂಕಾಗಿದ್ದವು ಎಂದುಕೊಂಡರೆ ಮೋಸಹೋದಂತೆ.

ಚಿತ್ರ ಮೂಡಲು ಹೊತ್ತು ಹಿಡಿಯುತ್ತಿದ್ದುದರಿಂದ ಅಲ್ಲಾಡಿದವರೆಲ್ಲ ಮಸುಕು. ದೊರೆ, ರೆಸಿಡೆಂಟ್, ಜಾಗೀರದಾರರು ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಅಂಥ ಗುಂಪುಚಿತ್ರಗಳ ಅಂಚಿನಲ್ಲಿ ಕುದುರೆಯ ಲಗಾಮು ಹಿಡಿದವನೋ ಬೀಸಣಿಗೆಯವನೋ ಕದಲಿ ಕಲಸಿಹೋಗಿರುತ್ತಾನೆ. ನನಗೆ ನಡುವಿನ ವೈಭವಕ್ಕಿಂತ ಈ ಅಂಚುಗಳೇ ಹೆಚ್ಚು ಮಾತಾಡುತ್ತವೆ. ದಿನದ ಬದುಕು ಇಂಥ ಚಿತ್ರಗಳೊಳಗೆ ಹೇಳದೆ ಕೇಳದೆ ನುಸುಳಿಕೊಂಡಿದ್ದೇ ಹೆಚ್ಚು.

ಸ್ಟುಡಿಯೊ ಹೊಸ ಗಿರಾಕಿಗಳನ್ನೂ ಹುಡುಕಿತು. 1892ರಲ್ಲಿ ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗಾಗಿಯೇ ಜನಾನಾ ಸ್ಟುಡಿಯೊ ತೆರೆಯಿತು. ಅಲ್ಲಿ ಗಂಡಸರಿಗೆ ಪ್ರವೇಶವಿಲ್ಲ, ಉಸ್ತುವಾರಿ ಒಬ್ಬ ಇಂಗ್ಲಿಷ್ ಮಹಿಳೆಯದು. ಬಿಳಿಯರ ಪಕ್ಕದಲ್ಲಿ ಇಂಥ ಅಂಗಡಿ ನಡೆಸಿ ಗೆದ್ದದ್ದು ಸಣ್ಣ ಮಾತಲ್ಲ. 1897ರಲ್ಲಿ ವಿಕ್ಟೋರಿಯಾ ರಾಣಿಯ ಮನ್ನಣೆಯೂ ಸಿಕ್ಕಿತು. ಅರಮನೆಯ ದೀಪಗುಚ್ಛ ತೆಗೆದ ಸ್ಟುಡಿಯೊವೇ ಬರಗಾಲದ ಪರಿಹಾರ ಕಾಮಗಾರಿಗಳನ್ನೂ ಚಿತ್ರಿಸಿತು. ಅದೂ ಸರ್ಕಾರ ಮಾಡಿದ ಕೆಲಸದ ದಾಖಲೆಯೇ, ನಿಜ. ಆದರೆ ಮೂಳೆ ಎದ್ದ ಎದೆಗೂಡು ಯಾರ ಹೊಗಳಿಕೆಗೂ ಒಗ್ಗುವುದಿಲ್ಲ.

ದೀನ್ ದಯಾಳ್ 1905ರಲ್ಲಿ ತೀರಿಕೊಂಡರು. ಅವರ 2,857 ಗಾಜಿನ ನೆಗೆಟಿವ್‌ಗಳನ್ನು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ 1989ರಲ್ಲಿ ಪಡೆದುಕೊಂಡಿತು. ಆಲ್ಬಮ್ಮಿಗೆ ಅಂಟಿಸುವಾಗ ಪ್ರಿಂಟಿನ ಅಂಚನ್ನು ಕತ್ತರಿಸುವ ರೂಢಿಯಿತ್ತು. ಗಾಜಿಗೆ ಆ ಕತ್ತರಿ ತಾಗುವುದಿಲ್ಲ. ಲಗಾಮು ಹಿಡಿದವನನ್ನು ಹುಡುಕುವವರು ಅಲ್ಲಿಗೇ ಹೋಗಬೇಕು.