ಊಟ ಬಿಟ್ಟರೂ ತೂಕ ಇಳಿಯದೇಕೆ?

“ಬೆಳಿಗ್ಗೆ ತಿಂಡಿ ಬಿಟ್ಟೆ, ರಾತ್ರಿ ಅನ್ನ ಬಿಟ್ಟೆ, ಸಿಹಿಯಂತೂ ಮುಟ್ಟೋದೇ ಇಲ್ಲ. ಆದ್ರೂ ತೂಕ ಇಳೀತಾ ಇಲ್ಲ ಕಣ್ರೀ!”

ಸಕ್ಕರೆ ಕಾಯಿಲೆ ಇರುವ ಗೃಹಿಣಿಯರ ಈ ಮಾತನ್ನು ಕೇಳದವರುಂಟೇ? ಮನೆಯವರು ಮಾತ್ರ “ಕದ್ದು ತಿಂತಿರಬೇಕು” ಎಂದು ನಕ್ಕುಬಿಡುತ್ತಾರೆ. ನಗುವ ಮುಂಚೆ ದೇಹದೊಳಗಿನ ಸಂಗತಿ ತಿಳಿಯುವುದು ಒಳ್ಳೆಯದು.

ಹಸಿವು, ತೃಪ್ತಿ, ಕೊಬ್ಬಿನ ಶೇಖರಣೆ ಇವನ್ನೆಲ್ಲ ನಡೆಸುವುದು ಹಾರ್ಮೋನುಗಳು. ರಕ್ತದಲ್ಲಿ ಓಡಾಡುವ ಸುದ್ದಿಗಾರರು ಎನ್ನಿ. ಮೇದೋಜೀರಕ ಗ್ರಂಥಿಯಿಂದ ಬರುವ ಇನ್ಸುಲಿನ್ ಇವುಗಳಲ್ಲಿ ಮುಖ್ಯವಾದದ್ದು. ಊಟದ ಸಕ್ಕರೆ ಜೀವಕೋಶಗಳ ಒಳಗೆ ಹೋಗಲು ಇದು ಬಾಗಿಲು ತೆರೆಯಬೇಕು. ಹೊಟ್ಟೆಯ ಒಳಭಾಗದಲ್ಲಿ, ಯಕೃತ್ತಿನಲ್ಲಿ ಕೊಬ್ಬು ತುಂಬಿದರೆ ಜೀವಕೋಶಗಳು ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಆಗ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಆದರೆ ಕೊಬ್ಬನ್ನು ಕೂಡಿಡುವುದೂ ಇದೇ ಇನ್ಸುಲಿನ್ನಿನ ಕೆಲಸ! ಬರಬರುತ್ತಾ ಗ್ರಂಥಿ ಸೋಲುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ.

ಇನ್ನೂ ಇಬ್ಬರು ಸುದ್ದಿಗಾರರಿದ್ದಾರೆ. ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು 1994ರಲ್ಲಿ ಬೆಳಕಿಗೆ ತಂದ ಲೆಪ್ಟಿನ್ ಕೊಬ್ಬಿನಲ್ಲೇ ಹುಟ್ಟಿ “ಸಾಕು” ಎಂದು ಮೆದುಳಿಗೆ ಹೇಳುತ್ತದೆ. ದಪ್ಪಗಿರುವವರಲ್ಲಿ ಇದು ಹೆಚ್ಚೇ ಇರುತ್ತದೆ; ಮೆದುಳು ಕಿವಿಗೊಡುವುದಿಲ್ಲ ಅಷ್ಟೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದ ಘ್ರೆಲಿನ್ ಜಠರದಿಂದ ಹೊರಟು “ಹಸಿವು, ಹಸಿವು” ಎನ್ನುತ್ತದೆ. ತೂಕ ಇಳಿಸತೊಡಗಿದರೆ ಲೆಪ್ಟಿನ್ ತಗ್ಗಿ, ಘ್ರೆಲಿನ್ ಏರುತ್ತದೆ. ಇಳಿಸಿದ ತೂಕ ಮರಳಿ ಬರುವುದಕ್ಕೆ ಇದೂ ಒಂದು ಕಾರಣ. ತಪ್ಪೆಲ್ಲ ನಿಮ್ಮ ನಾಲಿಗೆಯದಲ್ಲ!

“ನಾನು ಸಣ್ಣಗಿದ್ದೀನಲ್ಲ, ನನಗೇನು ಭಯ?” ಎನ್ನುವವರೂ ಇದ್ದಾರೆ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ತಮ್ಮನ್ನೇ ಇಂಗ್ಲೆಂಡಿನ ವೈದ್ಯಮಿತ್ರ ಡಾ. ಯುಡ್ಕಿನ್ ಜೊತೆ ಹೋಲಿಸಿ ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ ಸಮ. ದೇಹದ ಕೊಬ್ಬು ಮಾತ್ರ ಅವರಲ್ಲಿ ಶೇಕಡಾ 9.1, ನಮ್ಮವರಲ್ಲಿ 21.2! ಆದ್ದರಿಂದ ತಕ್ಕಡಿಯೊಂದನ್ನೇ ನಂಬಬೇಡಿ. ಹೊಲಿಗೆಯ ಟೇಪು ತೆಗೆದು ಸೊಂಟ ಅಳೆಯಿರಿ. ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಎಚ್ಚರ ವಹಿಸಬೇಕು.

ಹಾಗಾದರೆ ಮಾಡುವುದೇನು? ಮಾತ್ರೆ ನುಂಗಿ ಒಪ್ಪತ್ತು ಮಾಡಬೇಡಿ. ಕೆಲವು ಮಾತ್ರೆಗಳಲ್ಲಿ, ಇನ್ಸುಲಿನ್ ಇಂಜೆಕ್ಷನ್ನಿನಲ್ಲಿ ಸಕ್ಕರೆ ತೀರಾ ಇಳಿದು ಬೆವರು, ನಡುಕ ಬಂದೀತು. ಇವುಗಳಿಂದ ತೂಕವೂ ಕೊಂಚ ಏರಬಹುದು. ಹಾಗೆಂದು ನೀವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಿ, ಬದಲಿ ಔಷಧ ಕೇಳಿ. ಅನ್ನ ಅರ್ಧ ಮಾಡಿ ಸೊಪ್ಪಿನ ಪಲ್ಯ, ಕೋಸಂಬರಿ, ಕಾಳಿನ ಹುಳಿ ಹೆಚ್ಚಿಸಿ. ಮಿಕ್ಕಿದ್ದು ಕೆಡುತ್ತದೆಂದು ಕೊನೆಗೆ ಕೂತು ತಿನ್ನುವ ಅಭ್ಯಾಸ ಬಿಡಿ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ದುಡಿಯುವ ಸ್ನಾಯು ಇನ್ಸುಲಿನ್ನಿನ ಮಾತು ಚೆನ್ನಾಗಿ ಕೇಳುತ್ತದೆ. ನಿದ್ದೆಗೆಡಬೇಡಿ, ಹಸಿವಿನ ಹಾರ್ಮೋನು ಕೆರಳುತ್ತದೆ.

70 ಕಿಲೋ ತೂಗುವವರು ನಾಲ್ಕೈದು ಕಿಲೋ ಇಳಿಸಿದರೂ ಸಕ್ಕರೆ ಹತೋಟಿಗೆ ಬರಲು ನೆರವಾಗುತ್ತದೆ. ನಿಧಾನವಾದರೂ ಚಿಂತೆಯಿಲ್ಲ. ಮನೆಯವರಿಗೂ ಒಂದು ಮಾತು: ನಗುವುದು ಬಿಟ್ಟು, ಸಂಜೆ ಅವರ ಜೊತೆ ನಾಲ್ಕು ಹೆಜ್ಜೆ ಹಾಕಿ!