ಪುಕ್ಕಟೆ ತಂತ್ರಾಂಶದ ಹೊಟ್ಟೆಪಾಡು

ಹಳೆಯ ವಿಂಡೋಸ್ ಕಂಪ್ಯೂಟರ್ ತೆವಳತೊಡಗಿದಾಗ ಬಹಳ ಮಂದಿಗೆ ಮೊದಲು ಹೊಳೆಯುವ ಮದ್ದು, ‘ಉಚಿತ’ ಎಂದು ಬರೆದುಕೊಂಡ ಯಾವುದಾದರೊಂದು ಕ್ಲೀನರ್ ಇಲ್ಲವೇ ಬೂಸ್ಟರ್. ಅದು ಏನೇನು ಮಾಡುತ್ತದೆ ಎಂಬ ಪಟ್ಟಿ ಓದುತ್ತೇವೆ, ಎಷ್ಟು ನಕ್ಷತ್ರ ಬಿದ್ದಿದೆ ನೋಡುತ್ತೇವೆ, ಇಳಿಸಿಕೊಳ್ಳುತ್ತೇವೆ. ಆದರೆ ಕಡತ ಅಳಿಸುವ, ಸಿಸ್ಟಂ ತಿದ್ದುವ ಇಂಥ ತಂತ್ರಾಂಶಗಳು ಕೇಳುವುದು ಅಡ್ಮಿನ್ ಹಕ್ಕನ್ನು. ಅಂದರೆ ಇಡೀ ಮನೆಯ ಬೀಗದಕೈ ಗೊಂಚಲನ್ನು. ಮನೆಗೆಲಸಕ್ಕೆ ಸೇರಿಸಿಕೊಳ್ಳುವಾಗ ಕೆಲಸ ಬರುತ್ತದೆಯೇ ಎಂದಷ್ಟೇ ಕೇಳಿ ಯಾರೂ ಬೀಗದಕೈ ಕೊಡುವುದಿಲ್ಲ. ಉಚಿತ ತಂತ್ರಾಂಶವನ್ನು ತೂಗುವಾಗಲೂ ಅದರ ಕೈಚಳಕಕ್ಕಿಂತ ಮೊದಲು ಎರಡು ಸಂಗತಿ ವಿಚಾರಿಸಬೇಕು: ಇದು ನಿಜಕ್ಕೂ ಬೇಕೇ, ಮತ್ತು ಇದನ್ನು ಮಾಡಿದವರ ಹೊಟ್ಟೆಪಾಡು ಹೇಗೆ ನಡೆಯುತ್ತಿದೆ?

ಹೊಟ್ಟೆಪಾಡಿನ ಪ್ರಶ್ನೆ ಏಕೆಂದರೆ, ಹೆಸರು ಕೆಡಿಸಿಕೊಂಡ ಉಚಿತ ತಂತ್ರಾಂಶಗಳಲ್ಲಿ ಹಲವು ಹೇಳಿದ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದವು. ಅವಾಸ್ಟ್‌ನ ಉಚಿತ ಆಂಟಿವೈರಸ್ ವೈರಸ್ ಹಿಡಿಯುತ್ತಿತ್ತು. ಜೊತೆಗೇ, ಬಳಕೆದಾರರು ಯಾವ ಯಾವ ತಾಣಗಳಿಗೆ ಹೋಗುತ್ತಾರೆಂಬ ವಿವರವನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಾಟಕ್ಕಿಟ್ಟಿತ್ತು. ಸುದ್ದಿ ಬಯಲಾದ ಮೇಲೆ 2020ರಲ್ಲಿ ಜಂಪ್‌ಶಾಟ್ ಮುಚ್ಚಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಅವಾಸ್ಟ್‌ಗೆ 1.65 ಕೋಟಿ ಡಾಲರ್ ತೆರುವಂತೆ ಹೇಳಿತು. ತಂತ್ರಾಂಶ ಮಾಡಿದವರು ಪ್ರಾಮಾಣಿಕರಾಗಿದ್ದರೂ ಹಂಚುವವರ ಹೊಟ್ಟೆಪಾಡು ಬೇರೆ ಇರಬಹುದು. ಚಿತ್ರ ತಿದ್ದುವ ಗಿಂಪ್ ತಂಡ, ಸೋರ್ಸ್‌ಫೋರ್ಜ್ ತಾಣದ ಜಾಹೀರಾತು ಪದ್ಧತಿಗೆ ಬೇಸತ್ತು 2013ರಲ್ಲಿ ಅಲ್ಲಿಂದ ಹೊರಬಂತು. 2015ರಲ್ಲಿ ಅದೇ ತಾಣ, ತಂಡ ಬಿಟ್ಟುಹೋದ ಖಾತೆಯನ್ನು ಕೈಗೆ ತೆಗೆದುಕೊಂಡು, ಗಿಂಪ್ ಜೊತೆಗೆ ಜಾಹೀರಾತಿನ ಸರಕನ್ನೂ ಕಟ್ಟಿ ಹಂಚಿತು. ಮರುವರ್ಷ ಮಾಲೀಕರು ಬದಲಾದ ಮೇಲೆ, ಹೀಗೆ ಸರಕು ಕಟ್ಟಿ ಹಂಚುವ ಪದ್ಧತಿ ಪೂರ್ತಿಯಾಗಿ ನಿಂತಿತು.

ಈ ವ್ಯಾಪಾರ ಕಣ್ಣಿಗೆ ಬೀಳುವ ಜಾಗ ಇನ್‌ಸ್ಟಾಲ್ ಪರದೆ. ‘ಎಕ್ಸ್‌ಪ್ರೆಸ್, ಶಿಫಾರಸು ಮಾಡಲಾಗಿದೆ’ ಎಂಬುದರ ಮುಂದೆ ಚುಕ್ಕೆ ಮೊದಲೇ ಬಿದ್ದಿರುತ್ತದೆ. ಅದರ ಕೆಳಗಿನ ‘ಕಸ್ಟಮ್’ ಬೂದು ಬಣ್ಣದಲ್ಲಿ ಮಸುಕಾಗಿ, ಒತ್ತಲು ಬಾರದ್ದೇನೋ ಎಂಬಂತೆ ಕೂತಿರುತ್ತದೆ. ಅದನ್ನು ಒತ್ತಿದವರಿಗೆ ಮಾತ್ರ ಮೊದಲೇ ಟಿಕ್ ಹಾಕಿಟ್ಟ ಪೆಟ್ಟಿಗೆಗಳು ಕಾಣುತ್ತವೆ: ಒಂದು ಟೂಲ್‌ಬಾರ್, ಬ್ರೌಸರಿನ ಮುಖಪುಟದ ಬದಲಾವಣೆ, ಮತ್ತೊಂದು ತಂತ್ರಾಂಶ. ‘ನೆಕ್ಸ್ಟ್, ನೆಕ್ಸ್ಟ್’ ಎಂದು ಒತ್ತುವ ನಮ್ಮ ಅವಸರವೇ ಇಲ್ಲಿ ಬಂಡವಾಳ. ಪರದೆಯನ್ನು ಇಷ್ಟು ಜಾಣತನದಿಂದ ಜೋಡಿಸಿದವರ ಕೈಗೆ ಕಂಪ್ಯೂಟರಿನ ಒಳಕೋಣೆ ಒಪ್ಪಿಸಬೇಕೇ ಎಂಬುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ.

ಇನ್ನು ಅಗತ್ಯದ ಪ್ರಶ್ನೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಎಂಟುನೂರು ದೋಷಗಳಿವೆ ಎಂದು ಕ್ಲೀನರ್ ಕೆಂಪಕ್ಷರದಲ್ಲಿ ಹೆದರಿಸಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಆದರೆ ವಿಂಡೋಸ್ ಒಂದು ಸೆಟ್ಟಿಂಗ್ ಹುಡುಕಲು ರಿಜಿಸ್ಟ್ರಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ, ನೇರವಾಗಿ ಆ ಸಾಲಿಗೇ ಹೋಗುತ್ತದೆ. ಕಿಟ್ಟೆಲ್ ನಿಘಂಟಿನಲ್ಲಿ ಬಳಕೆ ತಪ್ಪಿದ ಎಂಟುನೂರು ಪದ ಹೊಡೆದುಹಾಕಿದರೆ ಉಳಿದ ಪದ ಬೇಗ ಸಿಗುತ್ತದೆಯೇ? ರಿಜಿಸ್ಟ್ರಿ ಕ್ಲೀನರ್‌ಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಕೂಡ ಹೇಳಿದೆ. ಬೇಡದ ಕಡತ ಅಳಿಸಲು ವಿಂಡೋಸ್‌ನಲ್ಲೇ ಸ್ಟೋರೇಜ್ ಸೆನ್ಸ್ ಇದೆ. ಆರಂಭದಲ್ಲೇ ಏಳುವ ತಂತ್ರಾಂಶಗಳನ್ನು ಟಾಸ್ಕ್ ಮ್ಯಾನೇಜರ್‌ನಲ್ಲೇ ನಿಲ್ಲಿಸಬಹುದು. ಇಲ್ಲದ ರೋಗಕ್ಕೆ ಕುಡಿದ ಕಷಾಯವೂ ಅಪಾಯ ತಂದೀತು. 2017ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಸಿಸಿಕ್ಲೀನರ್ ಎಂಬ ಉಚಿತ ಕ್ಲೀನರ್‌ನ 5.33 ಆವೃತ್ತಿಯೊಳಗೆ ಹ್ಯಾಕರ್‌ಗಳು ತಮ್ಮ ಕೋಡ್ ಸೇರಿಸಿದ್ದರು. ಅದು ಕಂಪನಿಯ ಸ್ವಂತ ತಾಣದಿಂದಲೇ, ಕಂಪನಿಯ ಅಸಲಿ ಡಿಜಿಟಲ್ ಸಹಿಯೊಂದಿಗೇ ಸುಮಾರು 22.7 ಲಕ್ಷ ಕಂಪ್ಯೂಟರ್‌ಗಳನ್ನು ಹೊಕ್ಕಿತು.

ಸಹಿ ಇದ್ದೂ ಹೀಗಾದರೆ ಹಣ ಕೊಟ್ಟೇ ಕೊಳ್ಳೋಣ, ಇಲ್ಲವೇ ಮೂಲ ಕೋಡ್ ತೆರೆದಿಟ್ಟ ತಂತ್ರಾಂಶವನ್ನಷ್ಟೇ ನಂಬೋಣ ಎನ್ನುವವರಿದ್ದಾರೆ. ಎರಡರಲ್ಲೂ ಸತ್ಯವಿದೆ, ಪೂರ್ತಿ ಸತ್ಯವಿಲ್ಲ. ಹೆದರಿಸಿ ಮಾರುವ ಬೂಸ್ಟರ್‌ಗಳಲ್ಲಿ ಹಣ ಕೇಳುವವೂ ಇವೆ. ತೆರೆದ ಕೋಡಿನ ಎಕ್ಸ್‌ಝಡ್ ಎಂಬ ಸಾಧನಕ್ಕೂ ಕಳ್ಳಬಾಗಿಲು ಇಟ್ಟದ್ದು 2024ರಲ್ಲಿ ಪತ್ತೆಯಾಯಿತು. ಆದರೆ ಕೋಡ್ ತೆರೆದಿದ್ದರಿಂದಲೇ ಹೊರಗಿನ ಎಂಜಿನಿಯರ್ ಒಬ್ಬರಿಗೆ ಅದನ್ನು ಬೆನ್ನಟ್ಟಿ ಹಿಡಿಯಲು ಸಾಧ್ಯವಾಯಿತು ಎಂಬುದನ್ನೂ ಹೇಳಬೇಕು. ಸಹಿಯ ಬೆಲೆಯೂ ಇಷ್ಟೇ. 1999ರಿಂದ ಇಗೊರ್ ಪಾವ್ಲೊವ್ ರೂಪಿಸುತ್ತ ಬಂದ ಕಡತ ಕುಗ್ಗಿಸುವ 7-ಜಿಪ್ ತಂತ್ರಾಂಶ ವರ್ಷಾನುಗಟ್ಟಲೆ ಸಹಿಯಿಲ್ಲದೆ ಬಂದು ವಿಂಡೋಸ್‌ನಿಂದ ಹಳದಿ ಎಚ್ಚರಿಕೆ ಹಾಕಿಸಿಕೊಂಡಿತು. ಸೋಂಕಿನ ಸಿಸಿಕ್ಲೀನರ್‌ನ ಸಹಿ ಮಾತ್ರ ಸರಿಯಾಗಿತ್ತು. ಸಹಿ ಹೇಳುವುದು ಕಡತ ಯಾರ ಹೆಸರಲ್ಲಿ ಬಂತು ಎಂದಷ್ಟೇ.

ಸಾಮಾನ್ಯ ಬಳಕೆದಾರರಿಗೆ ಇಷ್ಟೆಲ್ಲ ಪತ್ತೇದಾರಿಕೆ ಸಾಧ್ಯವೇ ಎಂಬ ಆಕ್ಷೇಪ ನ್ಯಾಯವೇ. ಆದರೆ ‘ನಮ್ಮ ಬಗ್ಗೆ’ ಪುಟ ಓದಲು ಐದು ನಿಮಿಷ ಸಾಕು. ವಿಡಿಯೊ ನೋಡುವ ವಿಎಲ್‌ಸಿಯ ಹಿಂದೆ ದೇಣಿಗೆಯ ಮೇಲೆ ನಡೆಯುವ ಲಾಭರಹಿತ ಸಂಸ್ಥೆಯಿದೆ, ವಿಂಡೋಸ್ ತಪಾಸಣೆಯ ಸಿಸ್‌ಇಂಟರ್ನಲ್ಸ್ ಸಾಧನಗಳ ಹಿಂದೆ 2006ರಿಂದ ಮೈಕ್ರೋಸಾಫ್ಟ್ ಇದೆ. ಇವರ ಅನ್ನ ಎಲ್ಲಿಂದ ಬರುತ್ತದೆಂದು ಹೇಳಬಹುದು. ಇಳಿಸಿಕೊಳ್ಳುವ ತಾಣವೂ ತಂತ್ರಾಂಶ ಮಾಡಿದವರದೇ ಆಗಿರಬೇಕು. 2022ರಲ್ಲಿ ಭಾರತದಲ್ಲಿ ವಿಎಲ್‌ಸಿಯ ತಾಣ ಕೆಲವು ತಿಂಗಳು ತೆರೆಯುತ್ತಿರಲಿಲ್ಲ. ಸಿಕ್ಕಸಿಕ್ಕಲ್ಲಿಂದ ಇಳಿಸಿಕೊಳ್ಳುವ ಆಸೆ ಹುಟ್ಟುವುದೇ ಅಂಥ ಹೊತ್ತಿನಲ್ಲಿ. ಅನುಮಾನವಿದ್ದ ಕಡತವನ್ನು ವೈರಸ್‌ಟೋಟಲ್ ಎಂಬ ತಾಣಕ್ಕೆ ಕೊಟ್ಟರೆ ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತದೆ. ಇಷ್ಟಾದರೂ ಮಾಡಿದವರ ಹೊಟ್ಟೆಪಾಡು ತಿಳಿಯದಿದ್ದರೆ, ಆ ತಂತ್ರಾಂಶವಿಲ್ಲದೆ ನಿಮ್ಮ ಯಾವ ಕೆಲಸ ನಿಂತಿದೆ ಎಂದು ಒಮ್ಮೆ ಯೋಚಿಸಿ. ಯಾವುದೂ ನಿಂತಿಲ್ಲವಾದರೆ ಬೀಗದಕೈ ಗೊಂಚಲು ನಿಮ್ಮ ಸೊಂಟದಲ್ಲೇ ಇರಲಿ.